ಯಾವ ವಲಯ ಗಟ್ಟಿ?

ನಮ್ಮ ಟೀಮಿನಲ್ಲಿ ಅಮೆರಿಕದಿಂದ ಕಾಲ್‌ಗೆ ಬರೋ ಒಬ್ಬನಿದ್ದಾನೆ. ಮೀಟಿಂಗ್ ಶುರುವಾಗೋ ಮುಂಚೆ ಅವನದು ಒಂದೇ ರಾಗ: ಕಾಲೇಜ್ ಫುಟ್‌ಬಾಲ್‌ನಲ್ಲಿ ಎಸ್‌ಇಸಿ ಗಟ್ಟಿಯಾ, ಬಿಗ್ ಟೆನ್ ಗಟ್ಟಿಯಾ? ಸಪ್ಪೆ ಗುಂಪಿನಲ್ಲಿ ಎಲ್ಲಾ ಗೆದ್ದವರು ಮೇಲೋ, ಗಟ್ಟಿ ಗುಂಪಿನಲ್ಲಿ ಎರಡು ಸೋತವರು ಮೇಲೋ? ಆ ಆಟದ ರೂಲ್ಸ್ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಜಗಳ ಮಾತ್ರ ಚೆನ್ನಾಗಿ ಅರ್ಥ ಆಗತ್ತೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವನು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮದಿನ್ನೂ ಕೋಲಾರ ಜಿಲ್ಲೆ, ಹನ್ನೊಂದು ತಾಲ್ಲೂಕು. ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಕಬಡ್ಡಿಯಲ್ಲಿ ಹೋಬಳಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ. ತಾಲ್ಲೂಕಿಗೆ ಒಂದೇ ತಂಡ. ನಾವು ತಾಲ್ಲೂಕು ಫೈನಲ್‌ನಲ್ಲಿ ಎರಡು ಪಾಯಿಂಟಿಗೆ ಸೋತು ಮನೆಗೆ ಬಂದೆವು. ನಮ್ಮನ್ನು ಸೋಲಿಸಿದವರು ಜಿಲ್ಲಾ ಮಟ್ಟದಲ್ಲಿ ಗೌರಿಬಿದನೂರಿನವರನ್ನೂ ಚಿಂತಾಮಣಿಯವರನ್ನೂ ಸಲೀಸಾಗಿ ಮುಗಿಸಿದರು. ಹಾಗಾದ್ರೆ ಜಿಲ್ಲೆಗೇ ಎರಡನೆಯವರು ನಾವೇ ತಾನೆ? ಆದರೆ ಜಿಲ್ಲಾ ಮಟ್ಟದ ಸರ್ಟಿಫಿಕೇಟು ಚಿಂತಾಮಣಿ ಹುಡುಗರಿಗೆ ಸಿಕ್ಕಿತು, ನಮ್ಮ ರೈಡರ್‌ಗೆ ಸಿಗಲಿಲ್ಲ. ಅದನ್ನು ತೋರಿಸಿ ಪಿಯು ಸೀಟು ಕೇಳೋಣ ಅಂತಿದ್ದ ಅವನು.

ರಣಜಿ ಟ್ರೋಫಿಯ ಇತಿಹಾಸ ಓದುವಾಗ ಇದೇ ಕಥೆ ದೊಡ್ಡ ಅಕ್ಷರದಲ್ಲಿ ಕಂಡಿತು. 1957-58ರಿಂದ ವಲಯದೊಳಗೆ ಲೀಗ್, ಐದು ವಲಯಗಳಿಂದ ಗೆದ್ದ ಒಂದೊಂದೇ ತಂಡ ನಾಕೌಟ್‌ಗೆ. ಆ ವರ್ಷ ಚಾಂಪಿಯನ್ ಆಗಿದ್ದು ಪಶ್ಚಿಮ ವಲಯದ ಬರೋಡಾ. ಮರುವರ್ಷದಿಂದ ಬಾಂಬೆ ಸತತ 15 ಸಲ ಗೆದ್ದಿತು. ಬಾಂಬೆಯೂ ಪಶ್ಚಿಮದ್ದೇ. ಅಂದರೆ 1969-70ರವರೆಗೆ, ಹನ್ನೆರಡು ವರ್ಷ, ಬರೋಡಾ, ಮಹಾರಾಷ್ಟ್ರ ಯಾರೂ ವಲಯದ ಬಾಗಿಲು ದಾಟಲೇ ಇಲ್ಲ.

ಅದೇ ಹನ್ನೆರಡು ವರ್ಷದಲ್ಲಿ ಮಧ್ಯ ವಲಯದ ರಾಜಸ್ಥಾನ ಏಳು ಫೈನಲ್ ಆಡಿತು, ಏಳೂ ಬಾಂಬೆಗೆ ಸೋತಿತು. ದಕ್ಷಿಣದಿಂದ ಫೈನಲ್ ತಲುಪಿದ್ದು ಮೂರೇ ಸಲ: 1959-60ರಲ್ಲಿ ನಮ್ಮ ಮೈಸೂರು, 1964-65ರಲ್ಲಿ ಹೈದರಾಬಾದ್, 1967-68ರಲ್ಲಿ ಮದ್ರಾಸ್. ಬರೀ ಈ ಅಂಕಿ ನೋಡಿದರೆ ದಕ್ಷಿಣ ಸಪ್ಪೆ ಅನ್ನಿಸತ್ತೆ ಅಲ್ವಾ?

ಈಗ ದುಲೀಪ್ ಟ್ರೋಫಿ ನೋಡಿ. 1961-62ರಲ್ಲಿ ಶುರುವಾದ ಇದರಲ್ಲಿ ವಲಯಕ್ಕೂ ವಲಯಕ್ಕೂ ನೇರ ಆಟ. 1965-66ರಿಂದ ಸತತ ಮೂರು ವರ್ಷ ಗೆದ್ದಿದ್ದು ದಕ್ಷಿಣ! ಅದರಲ್ಲಿ ಮೊದಲೆರಡು ವರ್ಷ ರಣಜಿ ಫೈನಲ್‌ನಲ್ಲಿ ದಕ್ಷಿಣದ ಒಂದೂ ತಂಡ ಇರಲಿಲ್ಲ. ಕಾರಣ ಸರಳ. ಬಾಂಬೆಯ ಆಟಗಾರರೆಲ್ಲ ಒಂದೇ ಮನೆಯಲ್ಲಿದ್ದರು. ದಕ್ಷಿಣದವರು ಮೂರು ಮನೆಗೆ ಹಂಚಿಹೋಗಿದ್ದರು. ಹೈದರಾಬಾದ್‌ನಲ್ಲಿ ಜಯಸಿಂಹ, ಮದ್ರಾಸ್‌ನಲ್ಲಿ ವೆಂಕಟರಾಘವನ್, ಮೈಸೂರಿನಲ್ಲಿ ಪ್ರಸನ್ನ, ಚಂದ್ರಶೇಖರ್. ವರ್ಷಕ್ಕೆ ಇಬ್ಬರು ಮನೆಗೆ ಹೋಗಲೇಬೇಕು.

ಹಾಗಂತ ರಾಜಸ್ಥಾನಕ್ಕೆ ಬಿಟ್ಟಿ ಫೈನಲ್ ಸಿಕ್ಕಿತು ಅನ್ನೋಕೂ ಆಗಲ್ಲ. ಸಲೀಂ ದುರಾನಿ, ಹನುಮಂತ್ ಸಿಂಗ್ ಇದ್ದ ತಂಡ ಅದು. 1971-72ರ ದುಲೀಪ್ ಗೆದ್ದಿದ್ದು ಮಧ್ಯ ವಲಯವೇ.

1970-71ರಿಂದ ವಲಯಕ್ಕೆ ಎರಡು ತಂಡ ಅಂತ ನಿಯಮ ಬದಲಾಯಿತು. ಆ ವರ್ಷವೇ ಫೈನಲ್ ಯಾರ್ಯಾರ ನಡುವೆ ಗೊತ್ತಾ? ಬಾಂಬೆ ಮತ್ತು ಮಹಾರಾಷ್ಟ್ರ. ಇದನ್ನು ಓದಿದ ದಿನ ನನಗೆ ನಮ್ಮ ಕಬಡ್ಡಿ ತಂಡ ನೆನಪಾಯ್ತು.

ಬಾಂಬೆಯ ಓಟ ನಿಂತಿದ್ದು 1973-74ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ಆರು ತಿಂಗಳೂ ಆಗಿರಲಿಲ್ಲ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಒಟ್ಟು 385. ಗವಾಸ್ಕರ್‌ರನ್ನು ಪ್ರಸನ್ನ ಬೌಲ್ಡ್ ಮಾಡಿದರು, ಬಾಂಬೆ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸ್ ಮುನ್ನಡೆ ಸಾಕಾಯಿತು. ಆಮೇಲೆ ಜೈಪುರದ ಫೈನಲ್‌ನಲ್ಲಿ ಸೋತವರು, ಪಾಪ, ಮತ್ತೆ ರಾಜಸ್ಥಾನದವರೇ.

2002-03ರಲ್ಲಿ ರಣಜಿಯಿಂದ ವಲಯ ಪದ್ಧತಿಯೇ ಹೋಯಿತು. ಎಲೀಟ್, ಪ್ಲೇಟ್ ಬಂದವು. ನಮ್ಮ ರೈಡರ್ ಈಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ವ್ಯವಹಾರ ಮಾಡ್ತಾನೆ. ಹೋದ ಸಲ ಊರಿಗೆ ಹೋದಾಗ ಟೀ ಕುಡೀತಾ ಈ ಮಹಾರಾಷ್ಟ್ರದ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವರು ಹನ್ನೆರಡು ವರ್ಷ ಕಾದ್ರಾ? ನನಗೆ ಹತ್ತನೇ ಕ್ಲಾಸು ಒಂದೇ ವರ್ಷ ಇತ್ತಲ್ಲೋ" ಅಂದ.