ಲಾಯ್ಡನ ಜಲಾಶಯ: ಕಡಲ ಮತ್ಸ್ಯಾಲಯದಲ್ಲಿ ನೈಟ್ರೇಟಿನ ಪ್ರಶ್ನೆ

ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಮತ್ಸ್ಯಾಲಯವು ತೆರೆದಾಗ, ಜಲಸಸ್ಯಗಳು ಆಮ್ಲಜನಕವನ್ನೊದಗಿಸಿದರೆ ಕಡಲ ಮೀನು ಬದುಕುವುದೆಂದು ಫಿಲಿಪ್ ಹೆನ್ರಿ ಗಾಸ್ ಮೊದಲಾದವರು ಬಗೆದಿದ್ದರು. ಮಲಮೂತ್ರಗಳಿಂದ ಹುಟ್ಟಿದ ಅಮೋನಿಯವು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ನೀರಿನಲ್ಲಿಯೇ ಸಂಚಯವಾಗುವುದು ಗಣನೆಗೆ ಬಂದಿರಲಿಲ್ಲ. ಈ ಪರಿವರ್ತನೆಯನ್ನು ನಡೆಸುವ ಸೂಕ್ಷ್ಮಜೀವಿಗಳನ್ನು ವಿನೊಗ್ರಾಡ್‌ಸ್ಕಿಯು ಪ್ರತ್ಯೇಕಿಸಿದುದು 1890ರ ಸುಮಾರಿಗೆ. ಆದರೆ 1871ರಲ್ಲಿಯೇ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯದಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡನು, ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ಹಿರಿದಾದ ಕತ್ತಲೆಯ ಜಲಾಶಯವನ್ನು ನಿರ್ಮಿಸಿ, ಅದರ ಕಡಲನೀರು ತೊಟ್ಟಿಗಳೊಳಗೆ ಎಡೆಬಿಡದೆ ಪರಿಚಲಿಸುವಂತೆ ಮಾಡಿದ್ದನು. ಗಾಸನ ಗ್ರಂಥಗಳಿಗೆ ದೊರೆತ ಪ್ರಸಿದ್ಧಿ ಮತ್ಸ್ಯಾಲಯದ ವ್ಯಾಪಾರಿಯಾಗಿದ್ದ ಈತನಿಗೆ ದೊರೆಯದಿದ್ದುದು ನ್ಯಾಯವೆನಿಸದು. ಜಲಾಶಯವು ನೈಟ್ರೇಟನ್ನು ನಾಶಗೊಳಿಸಲಿಲ್ಲ, ನಿಜ. ಸಾಂದ್ರತೆಯ ಏರಿಕೆಯನ್ನು ತಡವಾಗಿಸಿತು, ಅಷ್ಟೆ. ನೈಟ್ರೇಟನ್ನು ಅನಿಲವಾಗಿ ಕಳೆಯಲು ಆಮ್ಲಜನಕ ವಿರಳವಾದ ಮರಳಿನ ಪದರದಲ್ಲಿ ಬೇರೆಯೇ ಬ್ಯಾಕ್ಟೀರಿಯಗಳು ನೆಲಸಬೇಕು. ಇಲ್ಲವೆ ಹಳೆಯ ನೀರಿನ ಒಂದು ಪಾಲನ್ನು ಆಗಾಗ್ಗೆ ತೆಗೆದು ಹೊಸ ಕಡಲನೀರನ್ನು ತುಂಬಬೇಕು.