ಚುಕ್ಕಿಯ ಆಚೆ ಯಾವ ಊರು? ಗಡಿನಾಡಿನ ಒಂದು ಜಾಲತಾಣ ಮತ್ತು ಡೊಮೈನ್ ಹೆಸರುಗಳ ಚರಿತ್ರೆ

ಸಾಹಿತ್ಯದ ವಿದ್ಯಾರ್ಥಿನಿ ಡೊಮೈನ್ ಹೆಸರಿನ ಬಗ್ಗೆ ಮಾತಾಡುವುದು ವಿಚಿತ್ರ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ವಿಷಯಕ್ಕೆ ನಾನು ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಎಂ.ಎ. ಕಿರುಪ್ರಬಂಧಕ್ಕಾಗಿ ನಮ್ಮ ಕಡೆಯ ಗದ್ದೆ, ಗುಡ್ಡ, ಹಿತ್ತಿಲುಗಳ ಹೆಸರು ಕೂಡಿಸುತ್ತಿದ್ದೆ. ಅಜ್ಜಿಯಿಂದ ಶುರುವಾಗಿ ಆಚೀಚೆ ಮನೆಯವರವರೆಗೆ ಯಾರೆಲ್ಲ ಸಿಕ್ಕಿದರೋ ಅವರನ್ನೆಲ್ಲ ಕೇಳಿದೆ. ಬರೆದದ್ದನ್ನು ಒಂದು ಸಣ್ಣ ಜಾಲತಾಣದಲ್ಲಿ ಹಾಕುತ್ತ ಹೋದೆ. ಕೈಯಲ್ಲಿ ದುಡ್ಡಿರಲಿಲ್ಲ, ಹಾಗಾಗಿ ಪುಕ್ಕಟೆ ಸಿಗುವ ಒಂದು ಡೊಮೈನ್ ತೆಗೆದುಕೊಂಡಿದ್ದೆ. ವರ್ಷ ತುಂಬುವ ಹೊತ್ತಿಗೆ ಪರೀಕ್ಷೆ ಬಂತು, ನವೀಕರಣದ ದಿನ ತಪ್ಪಿಹೋಯಿತು. ಆಮೇಲೆ ವಿಳಾಸ ತೆರೆದರೆ ಯಾರದೋ ಜಾಹೀರಾತು. ಬರಹದ ಪ್ರತಿ ನನ್ನ ಹತ್ತಿರ ಉಂಟು, ಅದು ಹೋಗಲಿಲ್ಲ. ಹೋದದ್ದು ವಿಳಾಸ. ಸೀನಿಯರ್ ಒಬ್ಬರು ತಮ್ಮ ಲೇಖನದಲ್ಲಿ ಕೊಟ್ಟಿದ್ದ ಕೊಂಡಿ ಸತ್ತುಹೋಯಿತು. ಗೂಗಲ್‌ನಲ್ಲಿ ನಮ್ಮ ಊರ ಹೆಸರಿಗೆ ಬರುತ್ತಿದ್ದ ನಾಲ್ಕಾರು ಪುಟಗಳೂ ಕಾಣೆಯಾದವು. "ನಾನು ಹೇಳಿದ್ದು ಎಲ್ಲಿಗೆ ಹೋಯ್ತು ಮಗಾ?" ಅಂತ ಅಜ್ಜಿ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಎರಡನೇ ಸಲ ಹೆಸರು ಕೊಳ್ಳುವಾಗ ಯೋಚಿಸಬೇಕಾಯಿತು: ಚುಕ್ಕಿಯ ಆಚೆ ಏನಿರಬೇಕು? ಡಾಟ್ ಕಾಂ, ಡಾಟ್ ಇನ್, ಡಾಟ್ ಆರ್ಗ್, ಡಾಟ್ ಭಾರತ? ಇದಕ್ಕೆ ಎಕ್ಸ್‌ಟೆನ್ಶನ್ ಅಂತಾರೆ, ನಾನು ಸುಲಭಕ್ಕೆ ಬಾಲ ಅನ್ನುತ್ತೇನೆ. ಯಾವ ಬಾಲ ಇದ್ದರೆ ಹುಡುಕಾಟದಲ್ಲಿ ಮೇಲೆ ಬರುತ್ತೇವೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಅದರೊಳಗೆ ನಮ್ಮ ಗಡಿಯ ಪ್ರಶ್ನೆಯೇ ಕೂತಿರುವುದು ಕಂಡಿತು.

ಮೊದಲು ಸ್ವಲ್ಪ ಚರಿತ್ರೆ. ಅಂಕಿಗಳ ವಿಳಾಸಕ್ಕೆ ಬದಲಾಗಿ ಹೆಸರು ಬಳಸುವ ಈಗಿನ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. 1984ರ ಅಕ್ಟೋಬರಿನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಬರೆದ ದಸ್ತಾವೇಜಿನಲ್ಲಿ ಕಾಂ, ಆರ್ಗ್, ಇಡಿಯು, ಗವ್, ಮಿಲ್ ಎಂಬ ಬಾಲಗಳು ಬಂದವು. ಅವುಗಳ ಜೊತೆಗೆ ದೇಶಕ್ಕೊಂದು ಎರಡಕ್ಷರದ ಬಾಲ ಎಂಬ ಏರ್ಪಾಡೂ ಬಂತು. ಅದೇ 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಎರಡಕ್ಕೂ ಸಂಬಂಧ ಇಲ್ಲ, ಕಾಕತಾಳೀಯ ಅಷ್ಟೆ. ಆದರೂ ಒಂದೇ ವರ್ಷದಲ್ಲಿ ಎರಡು ಕಡೆ ಎರಡು ಥರದ ಗಡಿ ಬರೆದಾಯಿತು ಅನ್ನೋದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಪಕ್ಕಪಕ್ಕ ಇದೆ.

ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವ ಗೊಡವೆಗೆ ಪೋಸ್ಟೆಲ್ ಹೋಗಲಿಲ್ಲ. ಐಎಸ್‌ಒ 3166 ಎಂಬ ಸಿದ್ಧ ಪಟ್ಟಿಯನ್ನೇ ಹಿಡಿದರು. ಜಾಣ ನಿರ್ಧಾರವೇ. ಆದರೆ ಆ ಪಟ್ಟಿಯಲ್ಲಿ ಇರುವುದು ದೇಶಗಳು ಮತ್ತು ಆಡಳಿತ ಪ್ರದೇಶಗಳು, ಭಾಷೆಗಳಲ್ಲ. ಭಾಷೆಗಳಿಗೆ ಬೇರೆಯೇ ಪಟ್ಟಿ ಉಂಟು, ಐಎಸ್‌ಒ 639. ಅದರಲ್ಲಿ ಕನ್ನಡಕ್ಕೆ 'ಕೆಎನ್' ಎಂಬ ಸಂಕೇತ. ಕನ್ನಡ ವಿಕಿಪೀಡಿಯದ ವಿಳಾಸ ಶುರುವಾಗುವುದೇ ಈ ಎರಡಕ್ಷರದಿಂದ.

ಹಾಗಾದರೆ ಡಾಟ್ ಕೆಎನ್ ಕೊಂಡರೆ ಆಯ್ತಲ್ಲ ಅಂತ ಹಾಸ್ಟೆಲಿನಲ್ಲಿ ಗೆಳತಿ ಹೇಳಿದಳು. ಹುಡುಕಿದರೆ ಡಾಟ್ ಕೆಎನ್ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಜೋಡಿ ದ್ವೀಪದ ದೇಶದ್ದು! ಆ ಬಾಲ ಇಟ್ಟರೆ ಈ ತಾಣ ಅಲ್ಲಿಯ ಓದುಗರಿಗಾಗಿ ಇದೆ ಎಂಬ ಸೂಚನೆ ಗೂಗಲ್‌ಗೆ ಹೋಗುತ್ತದೆ. ಭಾಷೆಯ ಪಟ್ಟಿಯಲ್ಲಿ ನಾವಾಗಿರುವ 'ಕೆಎನ್', ದೇಶದ ಪಟ್ಟಿಯಲ್ಲಿ ಮತ್ತೊಬ್ಬರದು. ಇಂಟರ್ನೆಟ್ಟಿನ ಬಾಲ ರಾಜ್ಯಭಾರವನ್ನು ಗುರುತಿಸುತ್ತದೆ, ನುಡಿಯನ್ನಲ್ಲ. ನನ್ನ ಮಾತಿನ ತಿರುಳು ಇಷ್ಟೆ. ಉಳಿದದ್ದು ಅದರ ಪರಿಣಾಮಗಳು.

ಮೊದಲ ಪರಿಣಾಮ: ರಾಜ್ಯಭಾರ ಬದಲಾದರೆ ಬಾಲವೂ ಅಲುಗಾಡುತ್ತದೆ. ಯುಗೊಸ್ಲಾವಿಯ ಒಡೆದುಹೋಯಿತು, ಅದರ ಡಾಟ್ ವೈಯು 2010ರಲ್ಲಿ ಅಳಿಸಿಹೋಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನ ನಿವಾಸದ ಆಧಾರದ ಮೇಲೆಯೇ ಡಾಟ್ ಇಯು ಹೆಸರು ಪಡೆದಿದ್ದವರು 2021ರಿಂದ ಅದರ ಹಕ್ಕು ಕಳೆದುಕೊಂಡರು. ಸೋವಿಯತ್ ಒಕ್ಕೂಟದ ಡಾಟ್ ಎಸ್‌ಯು ಮಾತ್ರ ದೇಶ ಹೋದ ಮೇಲೂ ದಶಕಗಟ್ಟಲೆ ಬಾಳಿತು. ನಮ್ಮ ಹಿರಿಯರಿಗೆ ಇದು ಹೊಸ ಕಥೆಯಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ್ದಾಯಿತು. ಮನೆ ಇದ್ದಲ್ಲೇ ಇತ್ತು, ವಿಳಾಸ ಬದಲಾಯಿತು.

ಎರಡನೆಯದು ಹುಡುಕಾಟದ ಲೆಕ್ಕ. ಬಾಲದಲ್ಲಿ ಒಳ್ಳೆಯ ಪದ ಇದ್ದರೆ ಪುಟ ಮೇಲೆ ಬರುತ್ತದೆ ಎಂಬ ನಂಬಿಕೆ ಬಹಳ ಜನಕ್ಕಿದೆ. ಹೊಸ ಬಾಲಗಳನ್ನೂ ಕಾಂ, ಆರ್ಗ್‌ಗಳಂತೆಯೇ ನೋಡುತ್ತೇವೆ, ಬಾಲದಲ್ಲಿರುವ ಪದಕ್ಕೆ ವಿಶೇಷ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಗೂಗಲ್ 2015ರಲ್ಲೇ ಸ್ಪಷ್ಟಪಡಿಸಿದೆ. ಚುಕ್ಕಿಯ ಈಚೆ ಹುಡುಕುವ ಪದವನ್ನೇ ಹೆಸರಾಗಿಟ್ಟು ಒಳಗೆ ಜೊಳ್ಳು ತುಂಬುತ್ತಿದ್ದ ತಾಣಗಳನ್ನು 2012ರಲ್ಲೇ ಕೆಳಕ್ಕೆ ತಳ್ಳಿತ್ತು. ದೇಶದ ಬಾಲಕ್ಕೆ ಮಾತ್ರ ಒಂದು ಅರ್ಥ ಉಳಿದಿದೆ: ಈ ತಾಣ ಇಂಥ ದೇಶದ ಓದುಗರಿಗೆ ಎಂಬ ಸೂಚನೆ.

ಡಾಟ್ ಇನ್ ನಮ್ಮ ದೇಶಕ್ಕೆ ಸಿಕ್ಕಿದ್ದು 1989ರಲ್ಲಿ. ನಿಯಮ ಬಿಗಿ ಇದ್ದುದರಿಂದ ಬಹಳ ಕಾಲ ಅದು ಬೆಳೆಯಲಿಲ್ಲ. 2005ರಲ್ಲಿ ನಿಕ್ಸಿ ಸಂಸ್ಥೆಯ ಅಡಿಯಲ್ಲಿ ಎಲ್ಲರಿಗೂ ತೆರೆದ ಮೇಲೆಯೇ ಅದು ಜನಸಾಮಾನ್ಯರ ಕೈಗೆ ಬಂದದ್ದು. ಇಲ್ಲಿ ನನಗೆ ಒಂದು ಸಮಾಧಾನ ಕಂಡಿತು. ನಮ್ಮ ಬಸ್ಸಿನ ನಂಬರ್ ಪ್ಲೇಟಿನಲ್ಲಿ ಕೆಎಲ್ 14, ತಲಪಾಡಿ ದಾಟಿದರೆ ಕೆಎ 19. ಡಾಟ್ ಇನ್‌ನಲ್ಲಿ ಆ ಗೆರೆಯೇ ಇಲ್ಲ. ಕಾಸರಗೋಡು, ತಾಳವಾಡಿ, ಜತ್ತ, ಅಕ್ಕಲಕೋಟೆ, ಧಾರವಾಡ, ಎಲ್ಲಕ್ಕೂ ಒಂದೇ ಬಾಲ. ಆದರೆ ನಮ್ಮ ಊರಿನ ಎಷ್ಟೋ ಜನ ಇರುವುದು ಕೊಲ್ಲಿ ದೇಶಗಳಲ್ಲಿ. ನನ್ನ ಚಿಕ್ಕಮ್ಮ ದುಬಾಯಿಯಲ್ಲಿ ಕೂತು ತವರಿನ ಗದ್ದೆಯ ಹೆಸರು ಹುಡುಕುತ್ತಾರೆ. ಅಂಥವರಿಗೂ ಸೇರಿ ಮಾಡಿದ ತಾಣವನ್ನು ಇದು ಭಾರತದ ಓದುಗರಿಗೆ ಎಂದು ನಾನೇ ಯಾಕೆ ಗುರುತು ಹಾಕಲಿ ಅನ್ನಿಸಿತು.

ನುಡಿಗೇ ಒಂದು ಬಾಲ ಪಡೆದವರೂ ಇದ್ದಾರೆ. ಕ್ಯಾಟಲಾನ್ ಮಾತಾಡುವವರು ಸ್ಪೇನ್, ಫ್ರಾನ್ಸ್, ಅಂಡೋರ, ಇಟಲಿಯ ಸಾರ್ಡಿನಿಯದ ಒಂದು ಊರು, ಹೀಗೆ ಹರಡಿದ್ದಾರೆ. ಗಡಿಯಾಚೆಯ ಕನ್ನಡಿಗರ ಹಾಗೆಯೇ. ಅವರು ಒಟ್ಟಾಗಿ ಕೇಳಿ 2005ರಲ್ಲಿ ಡಾಟ್ ಕ್ಯಾಟ್ ಪಡೆದರು. ಒಂದು ಭಾಷೆ ಮತ್ತು ಸಂಸ್ಕೃತಿಯ ಸಮುದಾಯಕ್ಕೆ ಸಿಕ್ಕ ಮೊದಲ ಬಾಲ ಅದು. ಬಾಸ್ಕ್, ಗಲಿಷಿಯನ್, ಬ್ರೆಟನ್, ವೆಲ್ಷ್ ನುಡಿಗಳವರು ಆಮೇಲೆ ಅದೇ ದಾರಿ ಹಿಡಿದರು. ರಾಜ್ಯಭಾರದ ಕೈ ಅಲ್ಲಿಗೂ ತಲುಪಿತು ಅನ್ನುವುದನ್ನು ಮರೆಯಬಾರದು. 2017ರ ಸೆಪ್ಟೆಂಬರಿನಲ್ಲಿ ಜನಮತಗಣನೆಯ ಗಲಾಟೆ ನಡೆದಾಗ ಸ್ಪೇನಿನ ಪೊಲೀಸರು ಡಾಟ್ ಕ್ಯಾಟ್ ನೋಡಿಕೊಳ್ಳುವ ಸಂಸ್ಥೆಯ ಕಚೇರಿಯನ್ನೇ ಶೋಧಿಸಿದರು.

ಕನ್ನಡ ಲಿಪಿಯಲ್ಲೇ 'ಭಾರತ' ಎಂಬ ಬಾಲವೂ ಈಗ ಉಂಟು. ನೋಡಿದಾಗ ನಿಜಕ್ಕೂ ಖುಷಿಯಾಯಿತು. ಆದರೆ ಅದೂ ದೇಶದ ಬಾಲವೇ, ಲಿಪಿ ಮಾತ್ರ ನಮ್ಮದು. ಯಂತ್ರದ ಒಳಗೆ ಅದು 'ಎಕ್ಸ್‌ಎನ್' ಎಂದು ಶುರುವಾಗುವ ರೋಮನ್ ಅಕ್ಷರಗಳ ಸಾಲಾಗುತ್ತದೆ. ಗೂಗಲ್ ಎರಡನ್ನೂ ಒಂದೇ ಎಂದು ಓದುತ್ತದೆ. ಆದರೆ ಕೊಂಡಿಯನ್ನು ನಕಲು ಮಾಡಿ ಯಾರಿಗಾದರೂ ಕಳಿಸಿದರೆ ಕೆಲವೊಮ್ಮೆ ಆ ರೋಮನ್ ಸಾಲೇ ಹೋಗಿ ಬೀಳುತ್ತದೆ. ಅದನ್ನು ನೋಡಿದವರು ವೈರಸ್ ಅಂತ ಹೆದರಿ ಒತ್ತುವುದಿಲ್ಲ. ರಾಯದುರ್ಗ, ಮಡಕಶಿರದ ಕಡೆಯವರಿಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹಾಗಾಗಿ ಈ ಬಾಲಗಳ ನಿಯಮ ಬರೆದವರು ಎರಡು ಲಿಪಿಗಳ ಅಂಥ ಅಕ್ಷರಗಳನ್ನು ಪರಸ್ಪರ ಜೋಡಿ ಎಂದು ದಾಖಲಿಸಬೇಕಾಯಿತು. ಲಿಪಿಯ ನಂಟನ್ನು ಯಂತ್ರವೂ ಒಪ್ಪಿಕೊಳ್ಳಬೇಕಾಯಿತು ನೋಡಿ.

ಹಾಗಾದರೆ ನುಡಿ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಪುಟದ ಒಳಗೆ. ಪುಟ ಯಾವ ಭಾಷೆಯದು ಎಂದು ತಿಳಿಯಲು ಗೂಗಲ್ ವಿಳಾಸವನ್ನು ನೋಡುವುದಿಲ್ಲ, ಕಣ್ಣಿಗೆ ಕಾಣುವ ಬರಹವನ್ನೇ ನೋಡುತ್ತದೆ. ಈ ಮಾತು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ನಮ್ಮಲ್ಲಿ ಒಂದು ಊರಿಗೆ ಒಂದೇ ಹೆಸರಿಲ್ಲ. ಮಂಜೇಶ್ವರ, ಮಂಜೇಶ್ವರಂ. ಕುಂಬಳೆ ಅಂತ ನಾವು ಹೇಳುತ್ತೇವೆ, ರೈಲ್ವೆ ಬೋರ್ಡಿನ ಇಂಗ್ಲಿಷ್ ಕುಂಬ್ಳ ಅನ್ನುತ್ತದೆ. ತಾಲೂಕು ಹೊಸದುರ್ಗ, ಅದರ ಪೇಟೆ ಕಾಞಂಗಾಡು. ನನ್ನ ಹಳೆಯ ತಾಣದಲ್ಲಿ ಹಠ ಹಿಡಿದು ಕನ್ನಡದ ರೂಪ ಮಾತ್ರ ಬರೆದಿದ್ದೆ. ಅಭಿಮಾನ ಸರಿ, ಆದರೆ ಮಲಯಾಳಂ ಶಾಲೆಯಲ್ಲಿ ಓದಿದ ನಮ್ಮದೇ ಮಕ್ಕಳು ಹುಡುಕುವುದು ಬೇರೆ ರೂಪದಲ್ಲಿ. ಅವರಿಗೆ ನನ್ನ ಪುಟ ಸಿಗುತ್ತಲೇ ಇರಲಿಲ್ಲ. ಕನ್ನಡದ ಹೆಸರನ್ನು ಉಳಿಸಲು ಹೊರಟವಳು ಅದನ್ನು ಮರೆಯುತ್ತಿರುವವರಿಂದಲೇ ಬಚ್ಚಿಟ್ಟಿದ್ದೆ. ಈಗ ಪ್ರತಿ ಪುಟದಲ್ಲೂ ಕನ್ನಡ ರೂಪ ತಲೆಬರಹವಾಗಿದೆ, ಮಲಯಾಳಂ, ತುಳು ಮತ್ತು ರೋಮನ್ ರೂಪಗಳು ವಿವರಣೆಯ ಒಳಗೆ ಬರುತ್ತವೆ.

ಕೊನೆಗೆ ಕೊಂಡದ್ದು ಡಾಟ್ ಆರ್ಗ್. ಅದು ಮೇಲೆ ಏರಿಸುತ್ತದೆ ಅಂತಲ್ಲ. ಅದು ಯಾವ ದೇಶಕ್ಕೂ ಕಟ್ಟಿಕೊಂಡಿಲ್ಲ, ಹಳೆಯದು, ಒಮ್ಮೆಗೆ ಹತ್ತು ವರ್ಷದವರೆಗೆ ನೋಂದಾಯಿಸಬಹುದು. ಸ್ಕಾಲರ್‌ಶಿಪ್ ದುಡ್ಡಿನಲ್ಲಿ ಐದು ವರ್ಷಕ್ಕೆ ಕಟ್ಟಿದ್ದೇನೆ. ಹುಡುಕಾಟದಲ್ಲಿ ಪುಟ ನಿಲ್ಲುವುದಕ್ಕೆ ಬೇರೆಯವರು ಕೊಡುವ ಕೊಂಡಿಗಳೂ ಬೇಕು. ವಿಳಾಸ ಸತ್ತರೆ ಅವು ಎಲ್ಲವೂ ಸಾಯುತ್ತವೆ. ಬಾಲವನ್ನು ಆಯುಷ್ಯ ನೋಡಿ ಆರಿಸಬೇಕು ಅಂತ ನಾನು ಹೇಳುವುದು ಅದಕ್ಕೇ.

ಸೊಲ್ಲಾಪುರ, ಹೊಸೂರು, ನೀಲಗಿರಿ ಕಡೆಯಿಂದ ಕೇಳುತ್ತಿರುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಊರ ಹೆಸರುಗಳನ್ನು ಎಲ್ಲ ರೂಪಗಳಲ್ಲೂ ಬರೆದು ಹಾಕಿ, ನಮಗೆ ಒಂದು ಕೊಂಡಿ ಕೊಡಿ, ನಾವೂ ಕೊಡುತ್ತೇವೆ. ಕಳೆದ ರಜೆಯಲ್ಲಿ ಅಜ್ಜಿಯ ಎದುರಿಗೇ ಮೊಬೈಲಿನಲ್ಲಿ ನಮ್ಮ ಗದ್ದೆಯ ಹೆಸರು ಹುಡುಕಿ ತೋರಿಸಿದೆ. ಬಂತು. ಕನ್ನಡಕ ಸರಿಮಾಡಿಕೊಂಡು ಓದಿದ ಅಜ್ಜಿ, "ಇದರಲ್ಲಿ ಒತ್ತಕ್ಷರ ತಪ್ಪುಂಟು" ಅಂದರು. ತಿದ್ದಿದ್ದೇನೆ.