ಮೈಸೂರಿನವರನ್ನೂ ಒಪ್ಪಿಸಬೇಕಿತ್ತು

ಇವತ್ತು ನಾವು ಹಿರೇಕೆರೂರಿನಲ್ಲಿ ಶಿಕಾರಿಪುರದ ಬಸ್ ಹತ್ತಿದರೆ ಜಿಲ್ಲೆಯಷ್ಟೇ ಬದಲಾಗುತ್ತದೆ. 1956ಕ್ಕೆ ಮುಂಚೆ ರಾಜ್ಯವೇ ಬದಲಾಗುತ್ತಿತ್ತು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಆಗ ಮುಂಬೈ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದವು, ಶಿಕಾರಿಪುರ ಮೈಸೂರಿನದು. ಸವಣೂರಿನಲ್ಲಿ ನವಾಬರ ಆಳ್ವಿಕೆ. 1948ರಲ್ಲಿ ಅದೂ ಮುಂಬೈಗೆ ಸೇರಿತು.

ಏಕೀಕರಣ ಎಂದರೆ ಮುಂಬೈ ಬಿಡುವ ಹೋರಾಟ ಎಂದೇ ನಾವು ಶಾಲೆಯಲ್ಲಿ ತಿಳಿದದ್ದು. ಆದರೆ ಮೈಸೂರಿನವರನ್ನು ಒಪ್ಪಿಸುವುದೂ ಅಷ್ಟೇ ಕಷ್ಟದ ಕೆಲಸವಾಗಿತ್ತು. ವಿದ್ಯುತ್ತು, ಕಾರ್ಖಾನೆ, ಕಾಲೇಜು ಕಂಡಿದ್ದ ಅಲ್ಲಿನ ಹಲವರಿಗೆ ನಮ್ಮ ಕಡೆಯ ಜಿಲ್ಲೆಗಳು ಹೊರೆಯಾಗಿ ಕಂಡವು. ಅಧಿಕಾರ ಕೈತಪ್ಪೀತೆಂಬ ಅಂಜಿಕೆಯಿತ್ತು, ಜಾತಿ ಲೆಕ್ಕವೂ ಇತ್ತು. ಮುಚ್ಚಿಡುವುದೇಕೆ?

1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಫಜಲ್ ಅಲಿ ಆಯೋಗ ನೇಮಿಸಿತು. 1955ರಲ್ಲಿ ಅದು ಕನ್ನಡ ರಾಜ್ಯಕ್ಕೆ ಶಿಫಾರಸು ಮಾಡಿತು.

ಮೈಸೂರಿನ ಒಳಗೆ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಸ್ವಂತ ಪಕ್ಷದ ಹಲವರ ವಿರೋಧ ಕಟ್ಟಿಕೊಂಡೇ ಏಕೀಕರಣದ ಪರ ನಿಂತರು. 1956ರ ನವೆಂಬರ್ 1ರಂದು ನಮ್ಮ ಊರುಗಳು ಹೊಸ ರಾಜ್ಯಕ್ಕೆ ಸೇರುವ ಹೊತ್ತಿಗೆ ಅವರ ಕುರ್ಚಿ ಹೋಗಿತ್ತು. ಅಂದು ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ.